ಎಡಿನ್‌ಬರೊಗೆ ಹೋದವರು

ಮೇ ತಿಂಗಳ ಇಳಿಮಧ್ಯಾಹ್ನ. ಗದಗಿಗೆ ಅಂಟಿಕೊಂಡ ಬೆಟಗೇರಿಯ ನೇಕಾರರ ಓಣಿಯಲ್ಲಿ ಒಂದು ಹಳೆಯ ಮನೆ. ಅದರ ಮೇಲಿನ ಖೋಲಿಯಲ್ಲಿ ಕಾಂಚನಾ ಉಣ್ಣೆಯ ಸ್ವೆಟರ್ ತೊಟ್ಟು, ಕೊರಳಿಗೆ ಮಫ್ಲರ್ ಸುತ್ತಿಕೊಂಡು, ಬಿಳಿಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಫ್ಯಾನು ಬಂದ್ ಮಾಡಿದ್ದರು; ತಿರುಗಿದರೆ ಅದರ ಕಿರಗುಡುವ ಸದ್ದು ಫೋನಿನಲ್ಲಿ ಕೇಳುತ್ತಿತ್ತು. ಕಿಟಕಿ ಮುಚ್ಚಿ ಸಂದಿಗಳಿಗೆ ಹಳೆಯ ಧೋತರದ ಚೂರುಗಳನ್ನು ತುರುಕಿದ್ದರು. ಆದರೂ ಎದುರುಮನೆಯ ಮಗ್ಗದ ಖಟಖಟ ಸಣ್ಣಗೆ ಒಳಗೆ ಬರುತ್ತಲೇ ಇತ್ತು.

ಫೋನಿನ ಪರದೆಯ ಮೇಲೆ ಅವಳ ತಾಯಿ ಸಿದ್ದಲಿಂಗವ್ವ, ಮುಂಡರಗಿಯ ಮನೆಯ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದರು.

"ಥಂಡಿ ಭಾಳ ಐತೇನ ಯವ್ವಾ ಅಲ್ಲೆ?"

"ಹೂಂ ಅವ್ವ. ಭಾಳ ಥಂಡಿ."

"ಮತ್ತ ಮಾರಿ ಯಾಕ ಹಂಗ ತೊಯ್ದೈತಿ?"

"ಮಳಿಬೇ. ಈಗಷ್ಟ ಹೊರಗಿಂದ ಬಂದ್ವಿ. ಇಲ್ಲೆ ಯಾವಾಗ ನೋಡಿದ್ರೂ ಜಿಟಿಜಿಟಿ ಮಳಿ."

ಅಷ್ಟರಲ್ಲಿ ಕೆಳಗೆ ಓಣಿಯಲ್ಲಿ ಕೈಗಾಡಿಯವನೊಬ್ಬ, "ಬದನೀಕಾಯಿ... ಎಳೀ ಬದನೀಕಾಯಿ..." ಎಂದು ರಾಗ ಎಳೆದ. ಸಿದ್ದಲಿಂಗವ್ವ ಶೇಂಗಾ ಸುಲಿಯುವುದನ್ನು ನಿಲ್ಲಿಸಿ ಪರದೆಯ ಹತ್ತಿರ ಮುಖ ತಂದರು.

"ಅಲ್ಲೂ ಬದನೀಕಾಯಿ ಮಾರಾಕ ಬರ್ತಾರನು? ನಮ್ಮ ಮಾತಿನ್ಯಾಗ?"

ಕಾಂಚನಾಳ ಗಂಡ ಸಿದ್ದಾರೂಢ ಲಗುಬಗೆಯಿಂದ ಪಕ್ಕಕ್ಕೆ ಬಂದು ಮುಖ ತೋರಿಸಿದ. "ಲೈನಿನ್ಯಾಗ ಮತ್ತ್ಯಾರದೋ ದನಿ ಕೂಡಿ ಬಂದೈತ್ರಿ ಅತ್ತ್ಯಾರ. ಆಮ್ಯಾಲೆ ಹಚ್ಚತೀವಿ." ಎಂದವನೇ ಫೋನು ಇಟ್ಟುಬಿಟ್ಟ.

ಕಾಂಚನಾ ಸ್ವೆಟರ್ ಕಿತ್ತು ಮೂಲೆಗೆ ಎಸೆದಳು. ಎದ್ದು ಫ್ಯಾನು ಹಾಕಿ ಅದರ ಕೆಳಗೆ ಬರೀ ನೆಲದ ಮೇಲೆ ಮಲಗಿದಳು. ಸ್ಕಾಟ್ಲೆಂಡಿನ ಎಡಿನ್‌ಬರೊ ಪಟ್ಟಣಕ್ಕೆ ಮಧುಚಂದ್ರಕ್ಕೆಂದು ಹೋದ ಅವಳು ಅಲ್ಲಿಯವರೆಗೆ ನೋಡಿದ್ದು ಈ ಖೋಲಿಯ ಜಂತಿಗಳನ್ನು.

ಇದೆಲ್ಲ ಶುರುವಾದದ್ದು ಮದುವೆಯ ಮಂಟಪದಲ್ಲಿ. ಕಾಂಚನಾಳ ಮಾವ ನಿಜಲಿಂಗಪ್ಪನವರು ಲಕ್ಷ್ಮೇಶ್ವರದಲ್ಲಿ ಹತ್ತಿ, ಶೇಂಗಾದ ಅಡತಿ ದಲಾಲಿ ವ್ಯಾಪಾರದವರು. ಹೆಂಡತಿ ತೀರಿಹೋಗಿ ವರ್ಷಗಳಾಗಿದ್ದವು. ಒಬ್ಬನೇ ಮಗನನ್ನು ಗದರಿಸಿಯೇ ಬೆಳೆಸಿದ್ದರು. ಅವರ ಅಂಗಡಿಯ ಎದುರಿನ ಅಂಗಡಿಯವರು ಹಿಂದಿನ ವರ್ಷ ಮಗ ಸೊಸೆಯನ್ನು ಸಿಂಗಾಪುರಕ್ಕೆ ಕಳಿಸಿ, ಅದನ್ನು ಪೇಟೆಯ ತುಂಬ ಹೇಳಿಕೊಂಡು ತಿರುಗಿದ್ದರು. ಅದು ಇವರ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಅಕ್ಷತೆ ಮುಗಿದು ಊಟಕ್ಕೆ ಪಂಕ್ತಿ ಕೂಡ್ರುವ ಮೊದಲು ಅವರು ಮೈಕು ಹಿಡಿದು, "ನಮ್ಮ ಹುಡುಗ್ರು ಎಡಿನ್‌ಬರ್ಗಕ್ಕ ಹೊಂಟಾರ್ರಿ. ರಾಜರು ಇದ್ದ ಊರು. ಕರೀ ಬಂಡಿಗಲ್ಲಿನ ಮ್ಯಾಲೆ ಕ್ವಾಟಿ ಐತಿ," ಎಂದು ಸಾರಿಬಿಟ್ಟರು. ಆ ಊರು ಅವರಿಗೆ ಗೊತ್ತಿದ್ದದ್ದು ಕೀಟನಾಶಕದ ಕಂಪನಿಯೊಂದು ಎಂದೋ ಹಂಚಿದ್ದ ಕ್ಯಾಲೆಂಡರಿನ ಕೋಟೆಯ ಚಿತ್ರದಿಂದ. ಮಗನಿಗೂ ಆ ಹೊತ್ತಿಗೇ ಗೊತ್ತಾಯಿತು, ತಾನೆಲ್ಲಿಗೆ ಹೋಗುತ್ತೇನೆಂದು.

ಕಾಂಚನಾಳಿಗೆ ಮಾತ್ರ ಖುಷಿಯಾಗಿತ್ತು. ಮುಂಡರಗಿಯಲ್ಲಿ ಓದಿ ಬೆಳೆದವಳು, ಮನೆಯಲ್ಲಿ ಕೂತು ಗೊತ್ತಿಲ್ಲದವಳು. ಸ್ಕೂಟಿ ಹತ್ತಿ ಕೊರ್ಲಹಳ್ಳಿಯ ಹೊಳೆದಂಡೆಯ ಹೊಲಕ್ಕೆ ಒಬ್ಬಳೇ ಹೋಗಿ ಬರುತ್ತಿದ್ದಳು. ದೂರದ ಊರು ನೋಡುವುದೆಂದರೆ ಆಯಿತು, ಯಾವ ಊರಾದರೇನು? ಗದಗಿನ ಅಂಗಡಿಯಲ್ಲಿ ಆರಿಸಿ ಆರಿಸಿ ಸ್ವೆಟರ್ ಕೊಂಡಿದ್ದಳು.

ಹೊರಡುವ ದಿನ ಬಂತು. ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನ ಎದುರು ಇಬ್ಬರ ಫೋಟೊ ಹಾಕಿದ ಫ್ಲೆಕ್ಸು ಎದ್ದಿತು. ಬೀಗರಿಗೆ, ವ್ಯಾಪಾರಸ್ಥರಿಗೆ ಹೋಳಿಗೆ ಊಟವಾಯಿತು. ಹಿಂದಿನ ಸಂಜೆಯಷ್ಟೇ ಏಜೆಂಟನ ಫೋನು ಬಂದಿತ್ತು, ವೀಸಾ ಆಗಿಲ್ಲವೆಂದು. ನಿಜಲಿಂಗಪ್ಪ ಅದನ್ನು ಯಾರಿಗೂ ಹೇಳಲಿಲ್ಲ. ಹಾರ ಹಾಕಿಸಿ, ಆರತಿ ಮಾಡಿಸಿ, ಮಗ ಸೊಸೆಯನ್ನು ಕಾರಿನಲ್ಲಿ ಕೂಡ್ರಿಸಿ ಹುಬ್ಬಳ್ಳಿಯ ಹಾದಿ ಹಿಡಿಸಿದರು. ತಾವೇ ಕಾರು ನಡೆಸಿದರು. ಹುಬ್ಬಳ್ಳಿ ಮುಟ್ಟಿದ ಮೇಲೆ ವಿಷಯ ಹೇಳಿದರು. ಕತ್ತಲಾಗುವ ತನಕ ಒಂದು ಖಾನಾವಳಿಯಲ್ಲಿ ಕೂತು, ಅಣ್ಣಿಗೇರಿಯ ಮೇಲೆ ಹಾಯ್ದು ಬೆಟಗೇರಿಗೆ ತಂದು ಬಿಟ್ಟರು. ಒಂದು ಕಾಲಕ್ಕೆ ನೂಲಿನ ಗೋದಾಮಾಗಿದ್ದ ಆ ಮನೆ ಅವರದೇ, ಬಹಳ ದಿನದಿಂದ ಖಾಲಿ ಬಿದ್ದಿತ್ತು.

"ಹೊಳ್ಳಿ ಬರೂ ದಿನ ಏನ ಹೇಳೀವಿ, ಅಲ್ಲೀತನಕ ಇಲ್ಲೇ ಇರ್ರಿ," ಎಂದರು. "ಕಿಡಕಿ ತಗೀಬ್ಯಾಡ್ರಿ. ಹೊರಗ ಕೀಲಿ ಇರತೈತಿ. ನಮ್ಮ ಮಾನಾ ನಿಮ್ಮ ಕೈಯಾಗ ಐತಿ ನೋಡವ್ವ ಕಾಂಚನಾ."

ಗದರಿಸಿ ಹೇಳಿದ್ದರೆ ಅವಳು ಜಗಳ ಮಾಡುತ್ತಿದ್ದಳೋ ಏನೋ. ಅವರು ಹೆಚ್ಚೂಕಡಿಮೆ ಕೈಮುಗಿದು ಹೇಳಿದ್ದರು. ಹೊಸ ಸೊಸೆ, ಗೋಣು ಹಾಕಿದಳು.

ಕೆಳಗಿನ ಮನೆಯನ್ನು ನೋಡಿಕೊಳ್ಳುತ್ತಿದ್ದವಳು ಮೋತಿಬಿ. ಹಿತ್ತಿಲ ಕಡೆಯ ಒಂದು ಕೋಣೆಯಲ್ಲಿ ನೂಲು ಸುತ್ತಿಕೊಂಡು ಒಬ್ಬಳೇ ಇದ್ದ ಮುದುಕಿ. ಹೊತ್ತು ಹೊತ್ತಿಗೆ ಖಾನಾವಳಿಯಿಂದ ರೊಟ್ಟಿಯ ಡಬ್ಬಿ ತಂದು, ಕೀಲಿ ತೆಗೆದು ಮೆಟ್ಟಿಲ ಮೇಲೆ ಇಟ್ಟು, ಮತ್ತೆ ಕೀಲಿ ಹಾಕಿಕೊಂಡು ಹೋಗುತ್ತಿದ್ದಳು. ಕೀಲಿ ಬೀಳುವ ಆ ಸದ್ದನ್ನು ಕಾಂಚನಾ ಪ್ರತಿ ಸಲವೂ ಮೆಟ್ಟಿಲ ತುದಿಯಲ್ಲಿ ನಿಂತು ಕೇಳುತ್ತಿದ್ದಳು.

ಸಿದ್ದಾರೂಢನ ಸ್ಥಿತಿ ಬೇರೆ. ಮೊದಲೆರಡು ದಿನ ಮುಖ ಬಾಡಿಸಿಕೊಂಡು ಕೂತಿದ್ದ. ಆಮೇಲೆ ಊರಿನವರಿಗೆ ಫೋಟೊ ಕಳಿಸಬೇಕು, ಕೇಳಿದ್ದಕ್ಕೆ ಉತ್ತರ ಹೇಳಬೇಕು ಎಂದು ಫೋನಿನಲ್ಲಿ ಎಡಿನ್‌ಬರೊದ ವಿಡಿಯೊಗಳನ್ನು ನೋಡಲು ಶುರುಮಾಡಿದ. ನೋಡುತ್ತ ನೋಡುತ್ತ ಅದರಲ್ಲೇ ಇಳಿದುಹೋದ. ಮುಂಜಾನೆ ಎದ್ದವನೇ, "ಇವತ್ತ ಅರಮನಿಗೆ ಹೋಗೂಣು," ಎನ್ನುವನು. ಅವಳನ್ನು ಪಕ್ಕದಲ್ಲಿ ಕೂಡ್ರಿಸಿಕೊಂಡು ಹೇಳುವನು:

"ಕ್ವಾಟಿ ಇಲ್ಲೆ, ಗುಡ್ಡದ ನೆತ್ತಿಮ್ಯಾಲೆ. ಅಲ್ಲೆ ದಿನಾ ಮಧ್ಯಾಹ್ನ ಒಂದಕ್ಕ ತೋಪು ಹಾರಸ್ತಾರ, ಐತವಾರ ಬಿಟ್ಟು. ಹಿಂದಕ ಸಮುದ್ರದಾಗಿನ ಹಡಗಿನವ್ರು ಅದನ್ನ ಕೇಳಿ ಗಡಿಯಾರ ಸರಿ ಮಾಡ್ಕೊತಿದ್ರಂತ. ಕ್ವಾಟಿಯಿಂದ ಒಂದ ರಸ್ತೆ ಇಳಕೋತ ಇಳಕೋತ ಅರಮನಿಗೆ ಹೋಗತೈತಿ. ರಾಯಲ್ ಮೈಲ್ ಅಂತಾರ. ಎರಡೂ ಬಾಜೂ ಬರೇ ಸಂದಿ, ನಮ್ಮ ಬಜಾರದ ಸಂದೀ ಹಂಗ. ಅರಮನಿ ಹಿಂದ ಆರಿದ ಜ್ವಾಲಾಮುಖಿ, ಆರ್ಥರ್ಸ್ ಸೀಟ್. ಹತ್ತಿ ನಿಂತ್ರ ಇಡೀ ಊರು ಕಾಣತೈತಿ, ಸಮುದ್ರ ಕಾಣತೈತಿ."

"ನೀವು ಹತ್ತೀರೇನ್ರಿ?" ಎಂದು ಅವಳು ಒಮ್ಮೆ ಕೇಳಿದಳು.

ಅವನು ಪೆಚ್ಚಾದ. ಆದರೂ ಬಿಡಲಿಲ್ಲ. ಇನ್ನೊಂದು ಗುಡ್ಡದ ಮೇಲೆ ಗುಡಿಯಂತೆ ಸಾಲುಗಂಬ ನಿಲ್ಲಿಸಲು ಹೋಗಿ, ರೊಕ್ಕ ಸಾಲದೆ ಅರ್ಧಕ್ಕೇ ಬಿಟ್ಟದ್ದನ್ನು ತೋರಿಸಿದ. ಒಡೆಯನ ಗೋರಿಯ ಹತ್ತಿರ ವರ್ಷಗಟ್ಟಲೆ ಕಾದಿತ್ತೆಂಬ ನಾಯಿಯ ಪ್ರತಿಮೆ ತೋರಿಸಿದ. ಬಂದವರೆಲ್ಲ ಸವರಿ ಸವರಿ ಅದರ ಮೂಗು ಹೊಳೆಯುತ್ತಿತ್ತು. ಕೆರೆ ಬತ್ತಿಸಿ ಮಾಡಿದ ತೋಟ ತೋರಿಸಿದ. ಇಬ್ಬರ ಫೋಟೊ ಕತ್ತರಿಸಿ ಆ ಕಂಬಗಳ ಮುಂದೆ, ಆ ತೋಟದ ಮುಂದೆ ಅಂಟಿಸಿ ಮುಂಡರಗಿಗೆ, ಲಕ್ಷ್ಮೇಶ್ವರಕ್ಕೆ ಕಳಿಸಿದ. ಕಂಬಗಳ ನೆರಳು ಒಂದು ಕಡೆಗಿದ್ದರೆ ಇವರಿಬ್ಬರ ಮುಖದ ಬೆಳಕು ಇನ್ನೊಂದು ಕಡೆಯಿಂದ ಬೀಳುತ್ತಿತ್ತು. ಯಾರೂ ಗಮನಿಸಲಿಲ್ಲ.

ಕಾಂಚನಾಳನ್ನು ಹಿಡಿದು ನಿಲ್ಲಿಸಿದ್ದು ಒಂದೇ ಒಂದು ಜಾಗ. ರಾಯಲ್ ಮೈಲಿನ ಒಂದು ದೊಡ್ಡ ಕಟ್ಟಡದ ಅಡಿಯಲ್ಲಿ ಹಳೆಯ ಸಂದಿಯೊಂದು ಹಾಗೆಯೇ ಹುಗಿದುಹೋಗಿತ್ತು. ಮನೆಗಳ ಮೇಲ್ಭಾಗ ಕೆಡವಿ, ಕೆಳಭಾಗವನ್ನೇ ಬುನಾದಿ ಮಾಡಿಕೊಂಡು ಮೇಲೆ ಕಟ್ಟಡ ಎಬ್ಬಿಸಿದ್ದರು. ಅಡಿಗೆಮನೆ, ಬಾಗಿಲು, ಮೆಟ್ಟಿಲು ಎಲ್ಲ ನೆಲದ ಕೆಳಗೆ ಉಳಿದಿದ್ದವು. ಪ್ಲೇಗಿನ ಕಾಲಕ್ಕೆ ಜನರನ್ನು ಅಲ್ಲೇ ಗೋಡೆ ಕಟ್ಟಿ ಮುಚ್ಚಿದರೆಂಬ ಕತೆಯೂ ಇತ್ತಂತೆ.

"ಅದು ಸುಳ್ಳಂತ," ಎಂದ ಸಿದ್ದಾರೂಢ. "ಊಟ, ನೀರು ತಂದು ಕೊಡ್ತಿದ್ರಂತ. ಹೊರಗ ಬಿಡ್ತಿದ್ದಿಲ್ಲ, ಅಷ್ಟ."

"ಅಷ್ಟ," ಎಂದಳು ಕಾಂಚನಾ. ಎದ್ದು ಹೋಗಿ ಕಿಟಕಿಯ ಸಂದಿಯ ಬಟ್ಟೆಯನ್ನು ತುಸು ಸರಿಸಿ, ಒಂದೇ ಕಣ್ಣಿನಿಂದ ಓಣಿ ನೋಡಿದಳು. ಒಬ್ಬಳು ಹೆಂಗಸು ಬಾಗಿಲಿಗೆ ನೀರು ಹಾಕುತ್ತಿದ್ದಳು. ಹಸಿಮಣ್ಣಿನ ವಾಸನೆ ಬಂತು. ಅವಳಿಗೆ ಅಳು ಬಂತು.

ಅಣ್ಣ ಮೌನೇಶನ ಫೋನು ಬಂದದ್ದು ಅದರ ಮರುದಿನ, ಊಟದ ಹೊತ್ತಿಗೆ. ವಿಡಿಯೊ ಅಲ್ಲ, ಬರೀ ಮಾತು.

"ಕಾಂಚನಾ, ಗಾಬರಿ ಆಗಬ್ಯಾಡ. ಮೊನ್ನೆ ಅವ್ವ ಬಚ್ಚಲದಾಗ ಜಾರಿ ಬಿದ್ದಾಳ. ಸೊಂಟದ ಎಲುವು ಮುರದೈತಿ. ನಿನಗ ಹೇಳಬ್ಯಾಡ, ಹುಡುಗಿ ಚೈನಿ ಮಾಡಾಕ ಹೋಗೇತಿ ಅಂತಂದ್ಲು. ಗದಗಿಗೆ ತಂದೀವಿ. ನಾಳೆ ಮುಂಜಾನೆ ಆಪರೇಶನ್."

"ಗದಗದಾಗ ಎಲ್ಲಿ?"

ಅವನು ಆಸ್ಪತ್ರೆಯ ಹೆಸರು ಹೇಳಿದ. ಅವಳಿಗೆ ಆ ಬೀದಿ ಗೊತ್ತು. ಬೆಟಗೇರಿಯಿಂದ ಆಟೊ ಹತ್ತಿದರೆ ಚಹಾ ಆರುವುದರೊಳಗೆ ಅಲ್ಲಿರಬಹುದು.

"ನೀ ಅಲ್ಲೆ ಅಳಕೋತ ಕುಂಡ್ರಬ್ಯಾಡ ಮತ್ತ," ಎಂದ ಮೌನೇಶ. "ಅಷ್ಟ ದೂರದಿಂದ ಏನ ಮಾಡಾಕ ಬರತೈತಿ?"

ಫೋನು ಇಟ್ಟ ಮೇಲೆ ಅವಳು ಗಂಡನ ಮುಖ ನೋಡಿದಳು. ಅವನು ಕೈಯಲ್ಲಿನ ರೊಟ್ಟಿಯ ತುತ್ತನ್ನು ತಟ್ಟೆಗೆ ಇಟ್ಟು, "ಅಪ್ಪಗ ಕೇಳೂಣು," ಎಂದ.

ಮಾವನಿಗೆ ಅವಳೇ ಫೋನು ಮಾಡಿದಳು.

"ಮಾವಾರ, ಅವ್ವ ಬಿದ್ದಾಳ. ಇಲ್ಲೇ ಗದಗದಾಗ ಅದಾಳ. ಒಂದ ತಾಸು ಹೋಗಿ ಮಾರಿ ನೋಡಿ ಬರ್ತೀನ್ರಿ."

"ನನಗೂ ಖಬರ ಬಂತವ್ವ. ಸಂಜೀಕ ನಾನೂ ನೋಡಾಕ ಹೊಂಟೀನಿ," ಎಂದರು ನಿಜಲಿಂಗಪ್ಪ. ಅವರ ದನಿ ಮೆತ್ತಗಿತ್ತು. "ನೀ ಸಮಾಧಾನದಿಂದ ಕೇಳು. ಖರೇನ ನೀವು ಎಡಿನ್‌ಬರ್ಗದಾಗ ಇದ್ದಿದ್ರ ಏನ ಮಾಡ್ತಿದ್ದಿ? ಬರಾಕ ಆಗ್ತಿತ್ತನು? ಟಿಕೆಟ್ ಸಿಗಬೇಕು, ಎರಡ ವಿಮಾನ ಬದಲಿ ಮಾಡಬೇಕು. ನೀ ಬರೂದ್ರಾಗ ಆಪರೇಶನ್ ಮುಗದ ಹೋಗಿರ್ತಿತ್ತು. ಹೌದಲ್ಲ? ಹಂಗ ತಿಳ್ಕೊ. ಅಲ್ಲೇ ಅದೀನಿ ಅಂತ ತಿಳ್ಕೊ."

"ಆದ್ರ ನಾ ಇಲ್ಲೇ ಅದೀನ್ರಿ."

"ಮಂದಿ ಲೆಕ್ಕದಾಗ ನೀ ಇಲ್ಲವ್ವ."

ಇದು ಸಿಟ್ಟಿನಲ್ಲಿ ಆಡಿದ ಮಾತಲ್ಲ, ಲೆಕ್ಕ ಹಾಕಿ ಹೇಳಿದ ಮಾತು. ಅದಕ್ಕೇ ಅದರಲ್ಲಿ ಎಲ್ಲಿಯೂ ಬಿರುಕು ಕಾಣಲಿಲ್ಲ. ಫೋನು ಕೆಳಗಿಟ್ಟು ಕೂತಳು. ಜ್ವರ ಬಂದಾಗ ರಾತ್ರಿಯೆಲ್ಲ ಅಂಗಾಲು ತಿಕ್ಕುತ್ತಿದ್ದ ಅವ್ವ ಇಲ್ಲೇ ಪಕ್ಕದ ಗದಗಿನಲ್ಲಿ ಎಲುಬು ಮುರಿದುಕೊಂಡು ಮಲಗಿದ್ದಾಳೆ. ಇವಳು ಎಡಿನ್‌ಬರೊದಲ್ಲಿದ್ದಾಳೆ.

ಡಬ್ಬಿ ಒಯ್ಯಲು ಮೋತಿಬಿ ಬಂದಾಗ ಕಾಂಚನಾ ಮೆಟ್ಟಿಲ ಕೊನೆಯಲ್ಲಿ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದಳು.

"ನಮ್ಮವ್ವ ದವಾಖಾನ್ಯಾಗ ಅದಾಳ ಮೋತಿಬಿ. ನಾ ಹೋಗಬೇಕು."

ಮುದುಕಿ ಅವಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. "ಸಾವ್ಕಾರ್ರು ಕೀಲಿ ಹಾಕು ಅಂದಾರ ಯವ್ವಾ," ಎಂದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಬಾಗಿಲ ಪಕ್ಕಕ್ಕೆ ಸರಿದಳು. "ನನಗೂ ಅವ್ವ ಇದ್ಲು. ಹೋಗು. ಅವ್ರಿಗೆ ನಾ ಹೇಳ್ಕೊತೀನಿ."

ಮೇಲಿನಿಂದ ಸಿದ್ದಾರೂಢ ಇಳಿದು ಬಂದ. "ಕಾಂಚನಾ, ಅಪ್ಪ..." ಎಂದ.

"ನಾ ಹೊಂಟೆ," ಎಂದಳು ಅವಳು. "ನೀವು ಬರ್ತಿದ್ರ ಬರ್ರಿ."

ಅವನು ಬರಲಿಲ್ಲ. ಮೆಟ್ಟಿಲ ಮೇಲೇ ನಿಂತ.

ಹೊರಗಿನ ಬಿಸಿಲಿಗೆ ಮೊದಲು ಅವಳ ಕಣ್ಣೇ ತೆರೆಯಲಿಲ್ಲ. ಓಣಿಯ ತುದಿಯವರೆಗೆ ತಲೆ ತಗ್ಗಿಸಿ, ಸೆರಗು ಎಳೆದುಕೊಂಡು ನಡೆದಳು. ಯಾರು ಕೂಗಿಯಾರು, ಯಾರು ಗುರುತು ಹಿಡಿದಾರು ಎಂದು ಬೆನ್ನು ಬಿಗಿಹಿಡಿದಿತ್ತು. ಯಾರೂ ಕೂಗಲಿಲ್ಲ. ಕಟ್ಟೆಯ ಮೇಲಿನ ಮುದುಕರು ಒಮ್ಮೆ ನೋಡಿ ತಮ್ಮ ಮಾತಿಗೆ ಹೊರಳಿದರು. ಆಟೊದವನು, "ಎಲ್ಲಿಗ್ರಿ ಅಕ್ಕಾರ?" ಎಂದ. ಇಷ್ಟು ದಿನ ಯಾರ ಕಣ್ಣಿಗೆ ಅಂಜಿ ಕಿಟಕಿ ಮುಚ್ಚಿಕೊಂಡಿದ್ದೆವೋ ಆ ಕಣ್ಣುಗಳು ಎಲ್ಲಿವೆ ಎಂದು ಅವಳಿಗೆ ಆಶ್ಚರ್ಯವಾಯಿತು.

ಆಸ್ಪತ್ರೆಯ ಕೋಣೆಯಲ್ಲಿ ಸಿದ್ದಲಿಂಗವ್ವನ ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದರು. ಮಗಳನ್ನು ಕಂಡವರೇ ಅವರು ಮೌನೇಶನ ಕಡೆ ಹೊರಳಿ, "ನಾ ಸಾಯಾಕ ಹತ್ತೇನೇನೋ? ಅದಕ್ಕ ಕರಿಸೀರೇನು ಇಕಿನ್ನ?" ಎಂದು ಅತ್ತರು.

"ಹಂಗೇನಿಲ್ಲ ಅವ್ವ," ಎನ್ನುತ್ತ ಕಾಂಚನಾ ಅವರ ಕೈ ಹಿಡಿದು ಮಂಚದ ಅಂಚಿಗೆ ಕೂತಳು. ಎಲ್ಲವನ್ನೂ ಹೇಳಿದಳು. ಬಾಗಿಲ ಕೀಲಿ ಹೇಳಿದಳು, ಸ್ವೆಟರ್ ಹೇಳಿದಳು, ಬದನೆಕಾಯಿಯವನನ್ನೂ ಹೇಳಿದಳು. ಮೌನೇಶ ಹಲ್ಲು ಕಡಿಯುತ್ತ, "ಆ ಮುದಕನ್ನ ಇವತ್ತ ಬಿಡಂಗಿಲ್ಲ ನಾ," ಎಂದು ಎದ್ದ.

ಆದರೆ ಸಿದ್ದಲಿಂಗವ್ವನ ಅಳು ನಿಂತುಹೋಗಿತ್ತು. ಅವರು ಬಾಗಿಲ ಕಡೆ ನೋಡಿದರು.

"ಬರೂಮುಂದ ಯಾರರ ನೋಡಿದ್ರೇನು ನಿನ್ನ?"

"ಇಲ್ಲಬೇ."

"ಹಂಗಾರ ಹೋಗಿಬಿಡವ್ವ. ಇಡೀ ಮುಂಡರಗಿಗೆ ಹೇಳೀನಿ ನಾ, ನನ್ನ ಮಗಳು ರಾಜರ ಊರಿಗೆ ಹೋಗ್ಯಾಳ ಅಂತ. ನೀ ಕಳಿಸಿದ ಫೋಟೊ ಮನಿಮನಿಗೆ ತೋರಿಸೀನಿ. ನಿಮ್ಮ ಸಣ್ಣವ್ವ ಈಗ ಬರ್ತಾಳ. ಇಲ್ಲೆ ನಿನ್ನ ನೋಡಿದ್ರ ಏನಂದಾಳು? ಹೋಗು, ಜಲ್ದಿ ಹೋಗು."

ಬಾಯಿ ಹೋಗು ಎನ್ನುತ್ತಿತ್ತು. ಕೈ ಮಾತ್ರ ಮಗಳ ಮುಂಗೈಯನ್ನು ಬಿಗಿಯಾಗಿ ಹಿಡಿದಿತ್ತು. ನಾಳಿನ ಆಪರೇಶನ್ನಿನ ಅಂಜಿಕೆಗೆ ಆ ಬೆರಳುಗಳು ತಣ್ಣಗಾಗಿದ್ದವು. ಕಾಂಚನಾಳಿಗೆ ಏಳಲೂ ಆಗಲಿಲ್ಲ, ಕೂಡ್ರಲೂ ಆಗಲಿಲ್ಲ. ಒಂದು ಮನೆಯ ಕೀಲಿ ತೆಗೆಸಿಕೊಂಡು ಬಂದರೆ ಇಲ್ಲಿ ಅವ್ವನೇ ಇನ್ನೊಂದು ಕೀಲಿ ಹಿಡಿದು ಮಲಗಿದ್ದಳು.

ಅಷ್ಟರಲ್ಲಿ ಸಣ್ಣವ್ವ, ಅಂದರೆ ಸಿದ್ದಲಿಂಗವ್ವನ ತಂಗಿ, ಓಣಿಯ ಇಬ್ಬರು ಹೆಂಗಸರ ಜೊತೆ ಒಳಗೆ ಬಂದೇಬಿಟ್ಟಳು. ಕಾಂಚನಾಳನ್ನು ಕಂಡು ಕೈಯಲ್ಲಿನ ಥರ್ಮಾಸು ಎದೆಗವಚಿಕೊಂಡು, "ಯವ್ವಾ! ಇಕಿ ಎಲ್ಲಿಂದ ಬಂದ್ಲು?" ಎಂದಳು.

"ವಿಮಾನ ಹತ್ತಿ ಓಡಿ ಬಂದಾಳ," ಎಂದರು ಸಿದ್ದಲಿಂಗವ್ವ, ಕಣ್ಣು ಮಿಟುಕಿಸದೆ. "ನಾ ಬಿದ್ದಿದ್ದ ಕೇಳಿ ಎಲ್ಲಾ ಬಿಟ್ಟು ಬಂದಾಳ ನನ್ನ ಮಗಳು."

ಹೆಂಗಸರು ಬೆರಗಾದರು. ಒಬ್ಬಳು ಕಾಂಚನಾಳ ಗಲ್ಲ ಸವರಿ ನೆಟಿಗೆ ಮುರಿದಳು. "ಇಂಥಾ ಮಗಳು ಯಾರಿಗೆ ಇರ್ತಾಳವ್ವ!" ಎಂದಳು. ಮೌನೇಶ ಗೋಡೆಯ ಕಡೆ ಮುಖ ತಿರುಗಿಸಿದ.

ಬಿಸಿಲು ಇಳಿಯುವ ಹೊತ್ತಿಗೆ ನಿಜಲಿಂಗಪ್ಪನವರು ಬಂದರು, ಸೇಬುಹಣ್ಣಿನ ಚೀಲ ಹಿಡಿದುಕೊಂಡು, ಲಕ್ಷ್ಮೇಶ್ವರದ ಇಬ್ಬರು ವ್ಯಾಪಾರಸ್ಥರ ಜೊತೆ. ಬಾಗಿಲಲ್ಲೇ ಸೊಸೆಯನ್ನು ಕಂಡು ಅವರ ಕಾಲು ನಿಂತವು. ಆಗ ಸಣ್ಣವ್ವ, "ಬರ್ರಿ ಬೀಗರ, ಬರ್ರಿ. ಎಂಥಾ ಸೊಸಿ ತಂದೀರಿ! ಅಲ್ಲಿಂದ ಇಲ್ಲೀತನಕ ಹಾರಿ ಬಂದಾಳ," ಎಂದಳು. ನಿಜಲಿಂಗಪ್ಪ ಬೀಗತಿಯ ಮುಖ ನೋಡಿದರು. ಬೀಗತಿ ಇವರ ಮುಖ ನೋಡಿದರು. ಮದುವೆಯ ಮಾತುಕತೆಯಲ್ಲಿ ಸೀರೆಯ ಬಣ್ಣಕ್ಕೂ ಒಮ್ಮತಕ್ಕೆ ಬಾರದಿದ್ದ ಇಬ್ಬರೂ ಆ ಒಂದು ಗಳಿಗೆಯಲ್ಲಿ ಒಂದಾದರು.

"ಹೂನ್ರಿ ಮತ್ತ," ಎಂದರು ನಿಜಲಿಂಗಪ್ಪ, ಮೆಲ್ಲಗೆ ಉಸಿರು ಬಿಟ್ಟು. "ನಾನ ಹೇಳಿದೆ, ಪ್ರವಾಸ ಮತ್ತೊಮ್ಮಿ ಮಾಡಬಹುದು, ತಾಯಿ ಮತ್ತ ಸಿಗೂದಿಲ್ಲ ಅಂತ. ವಿಮಾನ ನಿಲ್ದಾಣದಿಂದ ಸೀದಾ ಇಲ್ಲಿಗೇ ಬಂದಾಳ."

ಅವರ ಜೊತೆ ಬಂದಿದ್ದ ಹಿರಿಯ ವ್ಯಾಪಾರಸ್ಥ ಕುರ್ಚಿ ಎಳೆದುಕೊಂಡು ಕೂತ. ಒಳ್ಳೆಯ ಮನುಷ್ಯ, ಕುತೂಹಲ ಜಾಸ್ತಿ. "ಹೇಳವ್ವ ತಂಗಿ, ಅಲ್ಲೆ ನೋಡೂವಂಥಾದ್ದು ಏನೇನ ಐತಿ? ಬರೂ ವರ್ಷ ನಾವೂ ಮುದುಕ ಮುದುಕಿ ಹೋಗಿಬರೂಣಂತ."

ಎಲ್ಲರೂ ಅವಳ ಕಡೆ ತಿರುಗಿದರು. ಕಾಂಚನಾ ಬಾಯಿ ತೆರೆದಳು.

"ಕ್ವಾಟಿ ಐತ್ರಿ," ಎಂದಳು. "ಕರೀ ಬಂಡಿಗಲ್ಲಿನ ಮ್ಯಾಲೆ. ದಿನಾ ಮಧ್ಯಾಹ್ನ ಒಂದಕ್ಕ ತೋಪು ಹಾರಸ್ತಾರ. ಅಲ್ಲಿಂದ ಇಳಕೋತ ಹೋದ್ರ ಅರಮನಿ..."

ಮಾತು ಎಲ್ಲಿಯೂ ತಡವರಿಸದೆ, ನೀರು ಹರಿದಂತೆ ಬರುತ್ತಿತ್ತು. ತೋಪಿನ ಸದ್ದಿಗೆ ಪಾರಿವಾಳಗಳು ಎದ್ದು ಹಾರುತ್ತವೆ ಎಂದೂ ಸೇರಿಸಿದಳು. ಅದನ್ನು ಯಾವ ವಿಡಿಯೊದಲ್ಲೂ ನೋಡಿರಲಿಲ್ಲ. ತಾನಾಗಿಯೇ ಬಂದ ಆ ಪಾರಿವಾಳಗಳಿಂದ ಅವಳಿಗೆ ದಿಗಿಲಾಯಿತು. ಇವತ್ತು ಇವರಿಗೆ ಹೇಳಿದರೆ ನಾಳೆ ಮತ್ತೊಬ್ಬರಿಗೆ ಹೇಳಬೇಕು. ಬಸುರಿಯರ ಕುಪ್ಪಸದ ಕಾರ್ಯಕ್ಕೆ ಹೋದಲ್ಲಿ, ಮದುವೆಗೆ ಹೋದಲ್ಲಿ, ಮುಂದೆ ಹುಟ್ಟುವ ಮಕ್ಕಳಿಗೆ. ಸಾಯುವ ತನಕ ಆ ಕೋಟೆಯ ಸುತ್ತ ತಿರುಗುತ್ತಲೇ ಇರಬೇಕು.

ಅವಳು ನಿಲ್ಲಿಸಿದಳು.

"ನಾ ಏನೂ ನೋಡಿಲ್ರಿ," ಎಂದಳು. "ನಾವು ಹೋಗೇ ಇಲ್ಲ. ಇಲ್ಲೇ ಬೆಟಗೇರ್ಯಾಗ ಒಂದ ಖೋಲ್ಯಾಗ ಇದ್ವಿ."

ಸಣ್ಣವ್ವ ಗೊಳ್ಳೆಂದು ನಕ್ಕಳು. ವ್ಯಾಪಾರಸ್ಥರೂ ನಕ್ಕರು. "ಚಾಷ್ಟಿ ಮಾಡ್ತಾಳ ಹುಡುಗಿ," ಎಂದ ಹಿರಿಯ. ನಿಜಲಿಂಗಪ್ಪ ಎಲ್ಲರಿಗಿಂತ ಜೋರಾಗಿ ನಕ್ಕು, "ನಿದ್ದಿಗೆಟ್ಟಾಳ್ರಿ, ಏನರ ಅಂತಾಳ," ಎಂದರು. ಸಿದ್ದಲಿಂಗವ್ವ ಕಣ್ಣು ಮುಚ್ಚಿಕೊಂಡರು.

"ಖರೇನ್ರಿ," ಎಂದಳು ಕಾಂಚನಾ. ನಗು ಹೆಚ್ಚಾಯಿತು. ಸುಳ್ಳು ಹೇಳಿದರೆ ತಲೆದೂಗಿದ ಮಂದಿ ನಿಜ ಹೇಳಿದರೆ ನಗುತ್ತಿದ್ದಾರೆ. ಇನ್ನು ಯಾವ ಕಡೆಗೂ ಬಾಗಿಲಿಲ್ಲ ಎನ್ನಿಸಿತು.

"ಖರೆ ಐತ್ರಿ ಅದು."

ಬಾಗಿಲಲ್ಲಿ ಸಿದ್ದಾರೂಢ ನಿಂತಿದ್ದ. ಓಡಿ ಬಂದವನಂತೆ ಏದುತ್ತಿದ್ದ, ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ. ಯಾವಾಗ ಬಂದು ನಿಂತನೋ ಯಾರೂ ನೋಡಿರಲಿಲ್ಲ. ಅಪ್ಪನ ಕಡೆ ನೋಡದೆ, ನೆಲ ನೋಡುತ್ತ ಹೇಳಿದ. "ಅಕಿ ಖರೆ ಹೇಳಾಕತ್ತಾಳ. ವೀಸಾ ಸಿಗಲಿಲ್ಲ. ಫೋಟೊ ಎಲ್ಲಾ ನಾನ ಫೋನಿನ್ಯಾಗ ಅಂಟಿಸಿ ಕಳಿಸಿದ್ದು."

"ಲೇ ಸಿದ್ದ!" ಎಂದರು ನಿಜಲಿಂಗಪ್ಪ.

ಆ ದನಿಗೆ ಇಪ್ಪತ್ತೆಂಟು ವರ್ಷ ನಡುಗಿ ಬಂದವನು ಆಗಲೂ ನಡುಗಿದ. ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬಂದು ಹೆಂಡತಿಯ ಪಕ್ಕದಲ್ಲಿ, ಮಂಚದ ಕಾಲು ಹಿಡಿದುಕೊಂಡು ನಿಂತ.

ವ್ಯಾಪಾರಸ್ಥರು ಒಬ್ಬರ ಮುಖ ಒಬ್ಬರು ನೋಡಿ, "ಆತು, ಬರ್ತೀವ್ರಿ. ಆರಾಮ ಆಗ್ರಿ ಅಕ್ಕಾರ," ಎಂದು ಎದ್ದರು. ಅವರ ಹಿಂದೆ ನಿಜಲಿಂಗಪ್ಪನೂ ಹೊರಟರು. ಸೇಬಿನ ಚೀಲ ಕೈಯಲ್ಲೇ ಉಳಿದಿತ್ತು, ಕೊಡುವುದನ್ನು ಮರೆತಿದ್ದರು.

ಮರುದಿನ ಆಪರೇಶನ್ ಸುಸೂತ್ರವಾಗಿ ಮುಗಿಯಿತು. ಒಳಗೆ ಒಯ್ಯುವ ಮೊದಲು ಸಿದ್ದಲಿಂಗವ್ವ ಮಗಳ ಜೊತೆ ಒಂದು ಮಾತೂ ಆಡಲಿಲ್ಲ, ಆದರೆ ಬಾಗಿಲವರೆಗೂ ಕೈ ಬಿಡಲಿಲ್ಲ. ಮುಂಡರಗಿಗೆ ಕರೆತಂದ ಮೇಲೂ ಬಹಳ ದಿನ ಮುನಿಸಿಕೊಂಡೇ ಇದ್ದರು. ನೋಡಲು ಬಂದ ಹೆಂಗಸರು ಮುಸಿಮುಸಿ ನಗುತ್ತ, "ಎಡಿನ್‌ಬರ್ಗದ ಮಗಳೇನ್ರಿ?" ಎಂದಾಗ ಮುಖ ಹೊರಳಿಸುತ್ತಿದ್ದರು. ಒಂದು ದಿನ ಮಾತ್ರ ಏನನ್ನಿಸಿತೋ, "ಎಡಿನ್‌ಬರ್ಗ ಅಲ್ಲ, ಬೆಟಗೇರಿ. ನಾ ಬಿದ್ದಾಗ ಬಂದ್ಲಲ್ಲ, ಸಾಕು," ಎಂದರು. ಅವತ್ತಿನಿಂದ ಆ ಕೇಳುವಿಕೆ ಕಡಿಮೆಯಾಯಿತು.

ಅವ್ವನ ಆರೈಕೆಗೆಂದು ಕಾಂಚನಾ ಮುಂಡರಗಿಯಲ್ಲೇ ಉಳಿದಿದ್ದಳು; ಲಕ್ಷ್ಮೇಶ್ವರದ ಸುದ್ದಿಯನ್ನು ಸಿದ್ದಾರೂಢ ತರುತ್ತಿದ್ದ. ಅಂಗಡಿ ಈಗ ಅವನೇ ನೋಡುತ್ತಿದ್ದ. ಸಮಯ ಸಿಕ್ಕಾಗ ಬಸ್ಸು ಹತ್ತಿ ಮುಂಡರಗಿಗೆ ಬರುತ್ತಿದ್ದ. ಅಪ್ಪ ಮನೆ ಬಿಟ್ಟು ಹೊರಗೆ ಬೀಳುತ್ತಿಲ್ಲ, ಕಿಟಕಿ ಹಾಕಿಕೊಂಡು ಒಳಗೇ ಕೂತಿರುತ್ತಾರೆ, ಹಿತ್ತಿಲಿಗೆ ಹೋಗಬೇಕಾದರೂ ಆಚೆ ಈಚೆ ನೋಡುತ್ತಾರೆ ಎಂದ. ಕೇಳಿ ಕಾಂಚನಾಳಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಕಿಟಕಿ ಹಾಕಿದ ಕೋಣೆಯ ಸೆಕೆ ಎಂಥದ್ದೆಂದು ಅವಳಿಗೆ ಗೊತ್ತಿತ್ತು.

ಜೂನಿನಲ್ಲಿ ಮಿರಗದ ಮೊದಲ ಮಳೆಯಾದ ಮೇಲೆ ನಿಜಲಿಂಗಪ್ಪ ಒಬ್ಬರೇ ಮುಂಡರಗಿಗೆ ಬಂದರು. ಸೊರಗಿದ್ದರು. ಬೀಗತಿಯ ಕಾಲಿನ ವಿಚಾರ ಕೇಳಿದರು, ಮೌನೇಶ ಕೊಟ್ಟ ಚಹಾ ಕುಡಿದರು. ಅವನು ಬಯ್ಯಬೇಕೆಂದು ಕೂಡಿಟ್ಟುಕೊಂಡಿದ್ದ ಮಾತುಗಳು ಅವರನ್ನು ನೋಡಿ ಬಾಯಿಗೆ ಬರಲಿಲ್ಲ. ಕೊನೆಗೆ ಅವರು ಕಾಂಚನಾಳ ಕಡೆ ನೋಡದೆ ಹೇಳಿದರು:

"ಕಾರು ತಂದೀನಿ. ಸಂಜಿ ಆಗಲಿ, ಕತ್ತಲದಾಗ ಹೋಗಿ ಮನಿ ಸೇರೂಣು. ನಡಿಯವ್ವ."

"ಬರ್ತೀನ್ರಿ ಮಾವಾರ," ಎಂದಳು ಕಾಂಚನಾ. "ಆದ್ರ ಕತ್ತಲದಾಗ ಬ್ಯಾಡ. ಕಾರಿನ್ಯಾಗ ಬ್ಯಾಡ. ಬಸ್ಸಿನ್ಯಾಗ ಹೋಗೂಣು. ಬಸ್ ಸ್ಟ್ಯಾಂಡಿನ್ಯಾಗ ಇಳದು ಪ್ಯಾಟಿಗುಂಟ ನಡಕೋತ ಮನಿಗೆ ಹೋಗೂಣು."

ನಿಜಲಿಂಗಪ್ಪ ಖಾಲಿ ಕಪ್ಪನ್ನು ಬಸಿಯ ಮೇಲೆ ಅತ್ತ ಇತ್ತ ತಿರುಗಿಸಿದರು. "ಮಂದಿ ನಗತಾರವ್ವ," ಎಂದರು.

"ನಗಲ್ರಿ. ನಾನೂ ಇರ್ತೀನಲ್ಲ ಜೋಡಿ."

ಕಾರನ್ನು ಆಮೇಲೆ ಮೌನೇಶ ತಂದು ಬಿಡುವುದೆಂದು ಆಯಿತು. ಮಾವ ಸೊಸೆ ಇಬ್ಬರೂ ಶಿರಹಟ್ಟಿಯಲ್ಲಿ ಬಸ್ಸು ಬದಲಿಸಿ ಲಕ್ಷ್ಮೇಶ್ವರದಲ್ಲಿ ಇಳಿದಾಗ ಪೇಟೆ ಇನ್ನೂ ತುಂಬಿತ್ತು. ನಿಜಲಿಂಗಪ್ಪ ಕೆಳಗೆ ಕಾಲಿಟ್ಟವರೇ ಆಟೊ ಕಡೆ ಕಣ್ಣು ಹಾಯಿಸಿದರು. ಕಾಂಚನಾ ತನ್ನ ಚೀಲ ಹೆಗಲಿಗೇರಿಸಿ ನಡೆದೇಬಿಟ್ಟಳು. ಅವರು ಹಿಂದೆ ಬಂದರು. ಎರಡು ಅಂಗಡಿ ದಾಟುವುದರೊಳಗೆ ಯಾರೋ ಕಿಸಕ್ಕೆಂದರು. ಅವರ ಹೆಜ್ಜೆ ತಡೆಯಿತು. ಅವಳು ನಿಂತು, ಅವರು ಪಕ್ಕಕ್ಕೆ ಬರುವ ತನಕ ಕಾದು, ಮತ್ತೆ ಜೊತೆಗೆ ನಡೆದಳು.

ಕಿರಾಣಿ ಅಂಗಡಿಯ ಕಟ್ಟೆಯ ಮೇಲಿಂದ ಒಬ್ಬ, ನಗು ತಡೆದುಕೊಂಡು ಕೇಳಿದ. "ಏನ್ರಿ ಸಾವ್ಕಾರ್ರ, ಸೊಸಿ ಎಲ್ಲಿಂದ ಬಂದ್ರು?"

ನಿಜಲಿಂಗಪ್ಪ ರುಮಾಲಿನಿಂದ ಹಣೆ ಒರೆಸಿಕೊಂಡರು.

"ಮುಂಡರಗಿಯಿಂದ," ಎಂದರು. "ತೌರಮನಿಗೆ ಹೋಗಿದ್ಲು. ಬಸ್ಸಿನ್ಯಾಗ ಬಂದ್ವಿ."